ಕೌದಿಗೂ ಒಂದು ವಿಮರ್ಶೆ

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಹತ್ತಿರವಾಗುವ ಹೊತ್ತಿಗೆ ನಮ್ಮ ಅಂಕಲಿಯಲ್ಲಿ ಬೆಳಗಿನ ಚಳಿ ಸಡಿಲಾಗುತ್ತದೆ. ಕೃಷ್ಣೆ ದಂಡೆಯಿಂದ ಒಳಸರಿದು ತೆಳ್ಳಗೆ ಹರಿಯುತ್ತಾಳೆ. ಮಾಂಜರಿ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕಡಿಮೆಯಾಗುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದ ಗುಂಪುಗಳು ಗುಡಿಸಲು ಕಿತ್ತುಕೊಂಡು ಊರ ಹಾದಿ ಹಿಡಿಯುತ್ತವೆ. ಬೇವು ಹಳೆ ಎಲೆ ಉದುರಿಸಿ ಯುಗಾದಿಗೆ ಹೂವು ಹೊರಡಿಸುವ ಸಿದ್ಧತೆಯಲ್ಲಿರುತ್ತದೆ. ಜೋಳದ ರಾಶಿ ಮುಗಿದ ಮನೆಗಳ ಹೆಂಗಸರು ಈಗ ಎರಡು ಕೆಲಸಕ್ಕೆ ಕೈ ಹಾಕುತ್ತಾರೆ. ಒಂದು ಶಾವಿಗೆ, ಇನ್ನೊಂದು ಕೌದಿ.

ಶಾವಿಗೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ವಿಮರ್ಶಕರ ಕೊರತೆ ಇಲ್ಲ. ತಿಂದವರೆಲ್ಲ ವಿಮರ್ಶಕರೇ. ಎಳೆ ದಪ್ಪವಾಯಿತು, ಹಿಟ್ಟು ನಾದಿದ್ದು ಸಾಲಲಿಲ್ಲ, ಬೆಲ್ಲದ ನೀರಿಗೆ ಹಾಕಿದರೆ ಮುದ್ದೆಯಾಯಿತು ಎಂದು ಮನೆಯ ಗಂಡಸರೂ ಹೇಳಬಲ್ಲರು. ಮಣೆಯ ಶಾವಿಗೆ ಹೋಗಿ ಮಶೀನಿನ ಶಾವಿಗೆ ಬಂದರೂ ಈ ತೀರ್ಪುಗಳು ನಿಂತಿಲ್ಲ. ಕೌದಿಯ ಕಥೆ ಹಾಗಲ್ಲ. ಅದನ್ನು ಹೊದ್ದವರು ನಿದ್ದೆ ಮಾಡಿಬಿಡುತ್ತಾರೆ. ನಿದ್ದೆ ಮಾಡಿದವರು ಏನು ವಿಮರ್ಶೆ ಮಾಡಿಯಾರು?

ಬಿಸಿಲು ಏರುತ್ತಿದ್ದಂತೆ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಪ್ರತಿ ವರ್ಷ ಒಂದು ಬಗೆಯ ಲೇಖನ ಬರುತ್ತದೆ. ಬಿಡುವಿನ ವೇಳೆಯಲ್ಲಿ ಏನು ಮಾಡಬಹುದು, ಹಳೆ ಸೀರೆಯಿಂದ ಪರದೆ, ಹಳೆ ಬಳೆಯಿಂದ ತೋರಣ, ಹಳೆ ಬಟ್ಟೆಯ ತುಂಡುಗಳಿಂದ ಕೌದಿ. ಮೇಲೆ ತಲೆಬರಹ: ಕಸದಿಂದ ರಸ. ಓದಲು ಹಿತವಾಗಿರುತ್ತದೆ, ಚಿತ್ರಗಳೂ ಚೆಂದ. ನನ್ನ ತಕರಾರು ಎರಡು ಶಬ್ದಗಳ ಮೇಲೆ. ಒಂದು ‘ಕಸ’. ಇನ್ನೊಂದು ‘ಬಿಡುವು’.

ಕೌದಿಗೆ ಬೀಳುವ ಬಟ್ಟೆ ಕಸವಲ್ಲ. ನಮ್ಮ ಕಡೆಯ ಹೆಂಗಸು ಸೀರೆ ಹರಿದ ದಿನ ಅದನ್ನು ಎಸೆಯುವುದಿಲ್ಲ. ಒಗೆದು, ಮಡಿಸಿ, ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಾಳೆ. ಹಾಗೆ ನಾಲ್ಕೈದು ವರ್ಷ ಕೂಡಿದ ಮೇಲೆ ಒಂದು ಕೌದಿಯಷ್ಟು ಅರಿವಿ ಆಗುತ್ತದೆ. ಯಾವ ಸೀರೆ ಬುಡಕ್ಕೆ, ಯಾವ ಧೋತರ ಒಳಗೆ, ಯಾವ ಖಣ ಮೇಲೆ ಎಂಬ ಲೆಕ್ಕ ಆ ಗಂಟು ಕಟ್ಟುವಾಗಲೇ ಶುರುವಾಗಿರುತ್ತದೆ. ಇನ್ನು ಬಿಡುವು. ಹೊಲದ ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ಹೊಲಿಯುತ್ತಾರೆ ಎಂಬುದು ನಿಜ. ಆದರೆ ಮಳೆಗಾಲದೊಳಗೆ ಮುಗಿಯಲೇಬೇಕಾದ ಕೆಲಸಕ್ಕೆ ಬಿಡುವಿನ ಕೆಲಸ ಎನ್ನುವುದು ಹೇಗೆ? ಮೃಗಶಿರಾ ಮಳೆ ಬಂದ ಮೇಲೆ ನೆಲ ತಂಪು, ಹೊಲದ ಕರೆ ಬೇರೆ. ಆಮೇಲೆ ಅಂಗಳದಲ್ಲಿ ಕೌದಿ ಹಾಸಲಿಕ್ಕೆ ಆಗುವುದಿಲ್ಲ.

ಒಂದು ಸಲ ಕುಳಿತು ಲೆಕ್ಕ ಹಾಕಿದೆ. ಆರು ಅಡಿ ಉದ್ದ, ಐದು ಅಡಿ ಅಗಲದ ಒಂದು ಸಾಧಾರಣ ಕೌದಿ. ಹೊಲಿಗೆಯ ಸಾಲಿನಿಂದ ಸಾಲಿಗೆ ಮುಕ್ಕಾಲು ಅಂಗುಲ ಅಂತರ ಎಂದುಕೊಳ್ಳಿ. 80 ಸಾಲು ಆಯಿತು. ಎಲ್ಲ ಸಾಲು ಕೂಡಿಸಿದರೆ 480 ಅಡಿ. ಅಂಗುಲಕ್ಕೆ ಎರಡು ಟಾಕಿ ಎಂದರೂ 11,520 ಟಾಕಿ. ಅಚ್ಚುಕಟ್ಟಾದ ಕೈಯಾದರೆ ಅಂಗುಲಕ್ಕೆ ಮೂರು ಬೀಳುತ್ತವೆ, ಆಗ 17,280. ಇಷ್ಟನ್ನೂ ನಾಲ್ಕೈದು ಪದರ ಬಟ್ಟೆಯಲ್ಲಿ ದಪ್ಪ ಸೂಜಿ ತೂರಿಸಿ, ನೆಲದ ಮೇಲೆ ಕಾಲು ಮಡಿಸಿ ಕುಳಿತು ಹಾಕಬೇಕು. ಇದನ್ನು ಮನಸ್ಸಿಗೆ ಉಲ್ಲಾಸ ನೀಡುವ ಹವ್ಯಾಸ ಎಂದು ಬರೆದವರು ಒಂದು ಮೂಲೆಯನ್ನಾದರೂ ಹೊಲಿದು ನೋಡಿದ್ದರೋ ಇಲ್ಲವೋ. ಉಲ್ಲಾಸ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇವಿನ ನೆರಳಿಗೆ ನಾಲ್ಕು ಜನ ನಾಲ್ಕು ಮಗ್ಗಲು ಹಿಡಿದು ಕುಳಿತರೆ ಮಾತು, ನಗೆ, ಹಾಡು, ಯಾರದೋ ಮನೆಯ ಸೊಸೆಯ ಸುದ್ದಿ ಎಲ್ಲ ಇರುತ್ತದೆ. ಉಲ್ಲಾಸ ಕೆಲಸದ ಒಳಗೆ ಇದೆ. ಅದನ್ನು ಹೊರಗೆ ತೆಗೆದು ಕೆಲಸವನ್ನು ಮರೆಸಿದರೆ ಮಾತ್ರ ನನಗೆ ಸಿಟ್ಟು.

ಕೌದಿಯನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ತೂಗಿ ನೋಡುವವರು ಇಲ್ಲ. ಅಜ್ಜಿಯ ಕೌದಿ, ಅವ್ವನ ಮಡಿಲು, ಬೆಚ್ಚನೆಯ ನೆನಪು ಎಂದು ಬರೆದು ಮುಗಿಸುತ್ತಾರೆ. ಎಲ್ಲ ಕೌದಿಯೂ ಒಳ್ಳೆಯ ಕೌದಿ ಎಂಬಂತೆ ಬರೆಯುತ್ತಾರೆ. ಹಾಗಿಲ್ಲ. ಕೆಟ್ಟ ಕೌದಿಗಳಿವೆ, ಬಹಳ ಇವೆ. ಎಲ್ಲದಕ್ಕೂ ಒಂದೇ ಹೊಗಳಿಕೆ ಸಿಕ್ಕರೆ ಚೆನ್ನಾಗಿ ಹೊಲಿದವಳಿಗೆ ಅನ್ಯಾಯವಾಗುತ್ತದೆ.

ಹಿಂದೆ ಈ ಅನ್ಯಾಯ ಆಗುತ್ತಿರಲಿಲ್ಲ. ನವರಾತ್ರಿಯ ಘಟ್ಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೋಗುತ್ತಿದ್ದವು. ಒಗೆದ ಕೌದಿಗಳನ್ನು ದಂಡೆಯ ಉದ್ದಕ್ಕೂ ಒಣಹಾಕಿದರೆ ಅದೇ ನಮ್ಮೂರಿನ ಪ್ರದರ್ಶನ. ಬಂದವರೆಲ್ಲ ನೋಡುವವರೇ, ನೋಡಿದವರೆಲ್ಲ ಬಾಯಿಬಿಟ್ಟು ಹೇಳುವವರೇ. “ಯಾರ ಕೈ ಇದು? ಇರಿವಿ ಸಾಲ ಹೋದಂಗ ಐತಿ ನೋಡ ಟಾಕಿ” ಎಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. “ಏನವಾ ವೈನಿ, ಎಮ್ಮಿ ಹೆಜ್ಜಿ ಇಟ್ಟಂಗ ಹೊಲ್ದಿಯಲ್ಲ” ಎಂದರೆ ಆ ವೈನಿ ಮುಂದಿನ ಕೌದಿಯವರೆಗೆ ಮರೆಯುವುದಿಲ್ಲ. ಅತ್ತೆ ಸೊಸೆಯ ನಡುವೆ ಇದರಿಂದ ಮಾತು ಬಿಟ್ಟ ಪ್ರಸಂಗಗಳೂ ಉಂಟು. ಆದರೆ ಕೌದಿಯ ಮಟ್ಟವನ್ನು ಕಾಯ್ದದ್ದು ಆ ಕಟು ಮಾತೇ.

ಆ ಹೆಂಗಸರು ಏನನ್ನು ನೋಡುತ್ತಿದ್ದರು? ಮೊದಲು ಮಗುಚಿ ಹಿಂದಿನ ಮಗ್ಗಲು ನೋಡುತ್ತಿದ್ದರು. ಮೇಲಿನ ಬಣ್ಣ ಯಾರನ್ನಾದರೂ ಮರುಳು ಮಾಡುತ್ತದೆ. ಬುಡದ ಸೀರೆಯ ಮೇಲೆ ಬರೇ ಹೊಲಿಗೆ ಕಾಣುತ್ತದೆ. ಸಾಲು ಸಮ ಇದೆಯೋ, ಎಲ್ಲಿಯಾದರೂ ಸೀರೆ ಜಗ್ಗಿ ನೆರಿಗೆ ಬಿದ್ದಿದೆಯೋ, ಗಂಟು ಒಳಗೆ ಹೋಗಿದೆಯೋ ಹೊರಗೆ ಉಳಿದಿದೆಯೋ. ಇದು ಬರೇ ಅಂದಚೆಂದದ ಮಾತಲ್ಲ. ಕೌದಿ ಬೆಚ್ಚಗಿರುವುದು ಪದರ ಪದರದ ನಡುವೆ ಗಾಳಿ ನಿಲ್ಲುವುದರಿಂದ. ಹೊಲಿಗೆ ವಿರಳವಾದರೆ ಎರಡು ಸಲ ಒಗೆಯುವಷ್ಟರಲ್ಲಿ ಒಳಗಿನ ಅರಿವಿ ಸರಿದು ಒಂದು ಕಡೆ ಗಂಟಾಗುತ್ತದೆ, ಇನ್ನೊಂದು ಕಡೆ ಬರಿದಾಗುತ್ತದೆ. ಬಹಳ ಒತ್ತೊತ್ತಾಗಿ ಬಿಗಿದು ಹೊಲಿದರೆ ಚಾಪೆಯಂತೆ ಬಿರುಸಾಗುತ್ತದೆ, ಮೈಗೆ ಅಂಟಿಕೊಳ್ಳುವುದಿಲ್ಲ. ಇವೆರಡರ ನಡುವಿನ ಹದ ಕೈಗೆ ಗೊತ್ತು.

ಎರಡನೆಯದು ಬಟ್ಟೆಯ ಜೋಡಿ. ಹಳೆಯ ಮೆತ್ತನೆ ಬಟ್ಟೆಯ ಪಕ್ಕಕ್ಕೆ ಹೊಸ ಗಟ್ಟಿ ತುಂಡು ಹಚ್ಚಿದರೆ ಮೊದಲ ಒಗೆತಕ್ಕೇ ಹೊಸದು ಹಳೆಯದನ್ನು ಹರಿಯುತ್ತದೆ. ಆದ್ದರಿಂದ ವಯಸ್ಸು ನೋಡಿ ಜೋಡಿ ಮಾಡಬೇಕು. ಮೂರನೆಯದು ಅಂಚು. ಕೌದಿ ಸವೆಯುವುದು ನಡುವಿನಿಂದಲ್ಲ. ರಾತ್ರಿ ಕೈ ಹಿಡಿದು ಎಳೆಯುವ, ಮುಖಕ್ಕೆ ತಾಗುವ ಅಂಚಿನಿಂದ. ಇಳಕಲ್ ಸೀರೆಯ ದಡಿಯನ್ನು ಅಂಚಿಗೆ ಇಡುವುದು ಶೋಭೆಗಾಗಿ ಎಂದು ಅನೇಕರು ತಿಳಿದಿದ್ದಾರೆ. ಶೋಭೆಯೂ ಹೌದು. ಆದರೆ ಸೀರೆಯಲ್ಲಿ ಕೊನೆಗೆ ಉಳಿಯುವ ಗಟ್ಟಿ ಭಾಗ ದಡಿ.

ಬಣ್ಣದ ಮಾತು ಇವೆಲ್ಲ ಆದ ಮೇಲೆ. ಹೊರ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ಒಳಗೆ ಬರುವ ಕೌದಿಗೂ, ಮೇಲಿನ ತೇಪೆಗಳನ್ನು ಮೊದಲೇ ಕೂಡಿಸಿಕೊಂಡು ಆಮೇಲೆ ಉದ್ದಕ್ಕೆ ಹೊಲಿಯುವ ಕೌದಿಗೂ ಬಣ್ಣದ ನಡೆ ಬೇರೆ. ಸುತ್ತಿ ಬರುವ ಹೊಲಿಗೆಯಲ್ಲಿ ನಡುವಿನ ಜಾಗ ಕೊನೆಗೆ ಉಳಿಯುತ್ತದೆ. ಕೆಲವು ಕಡೆ ಅಲ್ಲಿ ರೊಟ್ಟಿಯ ಚೂರನ್ನೋ ಒಂದಿಷ್ಟು ಕಾಳನ್ನೋ ಇಟ್ಟು ಹೊಲಿದು ಮುಚ್ಚುತ್ತಾರೆ. ಹೊದ್ದವರ ಹೊಟ್ಟೆ ತಂಪಾಗಿರಲಿ ಎಂದರೆ ಮೊದಲು ಕೌದಿಯ ಹೊಟ್ಟೆ ತುಂಬಿಸಬೇಕಲ್ಲ.

ನಮ್ಮ ನಾಡಿನಲ್ಲೇ ಕಸೂತಿಗೆ ಸಿಕ್ಕ ಮರ್ಯಾದೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆಗಳಿಗೆ ಹೆಸರಿದೆ. ಗೋಪುರ, ತೊಟ್ಟಿಲು, ಆನೆ, ತುಳಸಿಕಟ್ಟೆ ಎಂದು ಚಿತ್ತಾರಗಳಿಗೆ ಹೆಸರಿದೆ. ಹಿಂದೆ ಮುಂದೆ ಒಂದೇ ಆಗಿ ಕಾಣಬೇಕು, ಗಂಟು ಕಾಣಬಾರದು ಎಂಬ ನಿಯಮವಿದೆ. ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಕಸೂತಿ ಬಿದ್ದದ್ದು ಮದುವೆಯ ಸೀರೆಯ ಮೇಲೆ, ನಾಲ್ಕು ಜನ ನೋಡುವ ಸೆರಗಿನ ಮೇಲೆ. ಕೌದಿ ಬಿದ್ದದ್ದು ನೆಲದ ಮೇಲೆ. ಕೂಸು ಉಚ್ಚೆ ಹೊಯ್ಯುವ, ಮುದುಕರು ಕೆಮ್ಮುವ ಜಾಗದಲ್ಲಿ. ನಮ್ಮ ಗಡಿಯ ಊರುಗಳಲ್ಲಿ ಅದಕ್ಕೆ ಎರಡು ಹೆಸರು: ಕನ್ನಡದ ಮನೆಯಲ್ಲಿ ಕೌದಿ, ಮರಾಠಿ ಮನೆಯಲ್ಲಿ ವಾಕಳ ಅಥವಾ ಗೋಧಡಿ. ಭಾಷೆಗಾಗಿ ಎಷ್ಟು ಜಗಳ ಕಂಡ ನೆಲ ಇದು, ಆದರೆ ಟಾಕಿ ಎರಡೂ ಮನೆಯಲ್ಲಿ ಒಂದೇ ಟಾಕಿ!

ಬೇರೆ ಕಡೆ ಇಂಥ ಹೊದಿಕೆಗಳಿಗೆ ವಿಮರ್ಶಕರು ಸಿಕ್ಕಿದ್ದಾರೆ. ಬಂಗಾಳದ ಕಾಂಥಾ ಕುರಿತು ಕಲಾ ಇತಿಹಾಸದ ವಿದುಷಿ ಸ್ಟೆಲ್ಲಾ ಕ್ರಾಮ್ರಿಷ್ 1939ರಷ್ಟು ಹಿಂದೆಯೇ ಗಂಭೀರವಾಗಿ ಬರೆದರು. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು, ಗುಲಾಮರ ವಂಶದವರು, ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ದೊಡ್ಡ ಮ್ಯೂಸಿಯಂಗಳ ಗೋಡೆ ಏರಿದವು. 2006ರಲ್ಲಿ ಅಂಚೆ ಚೀಟಿಯಾದವು. ವಿಮರ್ಶಕರು ಅವನ್ನು ಆಧುನಿಕ ಚಿತ್ರಕಲೆಯ ಪಕ್ಕಕ್ಕೆ ಇಟ್ಟು ಹೊಗಳಿದರು. 2007ರಲ್ಲಿ ಅವರಲ್ಲೇ ಕೆಲವು ಹೆಂಗಸರು ತಮಗೆ ಬರಬೇಕಾದ ಹಣ ಬಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯ ಬಗ್ಗೆ ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಬಂದು ನೋಡಿ ಬರೆದಿದ್ದಾರೆ. ಮೂಲೆಗಳಿಗೆ ‘ಫೂಲ’ ಎಂದು ಸಣ್ಣ ಮುಕ್ಕೋನೆಯ ತುಂಡು ಇಡದಿದ್ದರೆ ಕೌದಿ ಬೆತ್ತಲೆ ಎಂಬುದು ಸಿದ್ದಿ ಹೆಂಗಸರ ಮಾತು. ನೋಡಿ, ಅದೂ ವಿಮರ್ಶೆಯೇ. ಬರೆದುಕೊಂಡವರು ಒಬ್ಬರು ಸಿಕ್ಕರು, ಅಷ್ಟೆ. ಬೆಳಗಾವಿ ಜಿಲ್ಲೆಯ ಕೌದಿಯ ಮಾತುಗಳನ್ನು ಹಾಗೆ ಕುಳಿತು ಬರೆದುಕೊಂಡವರನ್ನು ನಾನು ಕಂಡಿಲ್ಲ.

ಆದರೂ ಗೋಡೆಗೆ ನೇತು ಹಾಕುವ ವಿಮರ್ಶೆಯಲ್ಲಿ ನನಗೊಂದು ಅತೃಪ್ತಿ ಉಳಿಯುತ್ತದೆ. ಗೋಡೆಯ ಮೇಲೆ ಬಣ್ಣ ಕಾಣುತ್ತದೆ. ತೂಕ ಕಾಣುವುದಿಲ್ಲ, ಮೆತ್ತಗಿರುವುದು ಕಾಣುವುದಿಲ್ಲ, ಹಿಂದಿನ ಮಗ್ಗಲಂತೂ ಗೋಡೆಯ ಪಾಲು. ಆಲಿಸ್ ವಾಕರ್ 1973ರ ತಮ್ಮ ಒಂದು ಸಣ್ಣ ಕಥೆಯಲ್ಲಿ ಇದೇ ಜಗಳ ಇಟ್ಟಿದ್ದಾರೆ. ಓದಿ ಪಟ್ಟಣ ಸೇರಿದ ಅಕ್ಕ ಅಜ್ಜಿಯ ಹೊದಿಕೆಗಳನ್ನು ಗೋಡೆಗೆ ತೂಗಲು ಕೇಳುತ್ತಾಳೆ; ಊರಲ್ಲೇ ಉಳಿದ ತಂಗಿ ದಿನವೂ ಹೊದ್ದು ಹರಿದುಬಿಟ್ಟಾಳು ಎಂಬುದು ಅವಳ ಭಯ. ತಾಯಿ ಅವನ್ನು ತಂಗಿಗೆ ಕೊಡುತ್ತಾಳೆ. ಕಥೆ ನನಗೆ ಇಷ್ಟ, ತೀರ್ಪೂ ಸರಿ. ಆದರೆ ಅಕ್ಕನನ್ನು ಅಷ್ಟು ಸುಲಭವಾಗಿ ನಗೆಪಾಟಲು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಅವಳು ಕೊನೆಗೆ ನೋಡಿದಳಲ್ಲ! ಚಿಕ್ಕೋಡಿ, ನಿಪ್ಪಾಣಿಯಂಥ ನಮ್ಮ ಪಟ್ಟಣದ ಮನೆಗಳಲ್ಲಿ ಕೌದಿ ಗೋಡೆಯ ಮೇಲೂ ಇಲ್ಲ, ಮೈಮೇಲೂ ಇಲ್ಲ. ಬೀಗರು ಬಂದರೆ ಕಾಣದಿರಲಿ ಎಂದು ಕಪಾಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದೆ, ಮೇಲೆ ಸೂಟ್‌ಕೇಸು. ಅಕ್ಕನೂ ಸೋತಳು, ತಂಗಿಯೂ ಸೋತಳು.

ಹೊಳೆ ದಂಡೆಯ ಹಳ್ಳಿಗಳಲ್ಲಿ ಕೌದಿಗೆ ಇನ್ನೊಂದು ಪೆಟ್ಟು ಬಿತ್ತು. 2005, 2019, 2021. ಮಾಂಜರಿ, ಇಂಗಳಿ, ಯಡೂರ ಕಡೆಯವರಿಗೆ ಈ ವರ್ಷಗಳನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲೂ 2019ರ ಆಗಸ್ಟ್. ನೀರು ಬಾಗಿಲಿಗೆ ಬಂದಾಗ ಕೂಸು, ದನ, ಕಾಗದಪತ್ರ, ಒಂದಿಷ್ಟು ಜೋಳ ಹೊತ್ತು ಓಡಿದವರು ಕೌದಿ ಹೊರಲಿಲ್ಲ. ನೆನೆದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಮರಳಿ ಬಂದಾಗ ಅವು ರಾಡಿ ಕುಡಿದು ಕೊಳೆತು ನಾರುತ್ತಿದ್ದವು. ಹೊರಗೆಳೆದು ರಾಶಿ ಹಾಕಿದರು. ಕೌದಿಯಷ್ಟೇ ಹೋಗಲಿಲ್ಲ, ಅಟ್ಟದ ಮೇಲಿನ ಹಳೆ ಅರಿವಿಯ ಗಂಟೂ ಹೋಯಿತು. ಪರಿಹಾರದಲ್ಲಿ ಬಂದ ಕಂಬಳಿ ಮೊದಲ ಚಳಿಗಾಲ ಕಳೆಯಿತು. ಬಂದ ಸೀರೆಗಳು ಹೆಚ್ಚಾಗಿ ಪಾಲಿಯೆಸ್ಟರ್. ಮುಂದಿನ ಹೋಳಿ ಹುಣ್ಣಿಮೆಗೆ ಹೊಸ ಕೌದಿ ಹೊಲಿಯಲು ಕುಳಿತವರ ಮುಂದಿದ್ದದ್ದು ಅದೇ ಸೀರೆ. ಹತ್ತಿಯ ಸೀರೆ ಉಡುವುದು ಅದಕ್ಕೂ ಬಹಳ ಮುಂಚೆಯೇ ಕಡಿಮೆಯಾಗಿತ್ತು ಎನ್ನಿ. ಹೊಳೆ ಉಳಿದದ್ದನ್ನು ತೊಳೆದು ಹಾಕಿತು.

ಇಷ್ಟು ಹೇಳಿದ ಮೇಲೆ ಎರಡು ಕೌದಿಗಳನ್ನಾದರೂ ನಾನು ಮುಂದಿಟ್ಟು ನೋಡಬೇಕು. ಎರಡೂ ನಮ್ಮ ಮನೆಯವೇ.

ಮೊದಲನೆಯದು ನಮ್ಮ ಅತ್ತೆಯವರದು. 1972ರ ಬರಗಾಲ ಕಳೆದ ಮುಂದಿನ ಬ್ಯಾಸಗಿಯಲ್ಲಿ ಹೊಲಿದದ್ದು ಎಂದು ಅವರು ಹೇಳುತ್ತಿದ್ದರು. ಎತ್ತರದ ಜಾಗದಲ್ಲಿದ್ದುದರಿಂದ ನೀರಿಗೆ ಸಿಗಲಿಲ್ಲ. ಬುಡಕ್ಕೆ ಇಳಕಲ್ ಸೀರೆ, ಈಗ ಅದರ ಬಣ್ಣ ಹೇಳಲಾಗದು. ಮೇಲೆ ಮಾವನವರ ಧೋತರದ ಬಿಳಿ, ಯಾರದೋ ಪಟ್ಟೆಯ ಅಂಗಿ, ಶಾಲೆಯ ಖಾಕಿ ಚಡ್ಡಿ, ನಾಲ್ಕು ಮೂಲೆಗೆ ಖಣದ ಮುಕ್ಕೋನೆ. ಟಾಕಿ ಅಂಗುಲಕ್ಕೆ ಮೂರು, ಹೊರಗಿನಿಂದ ನಡುವಿನವರೆಗೆ ಒಂದೇ ಹದ. ಖಾಕಿಯ ಗಟ್ಟಿ ತುಂಡು ಧೋತರವನ್ನು ಎರಡು ಕಡೆ ಹರಿದಿದೆ, ಜೋಡಿ ಸರಿಯಾಗಿಲ್ಲ. ನಡುವಿನಿಂದ ಗೇಣು ದೂರದಲ್ಲಿ ಒಂದೇ ಒಂದು ಕೆಂಪು ತುಂಡು ಇದೆ. ಮ್ಯೂಸಿಯಂನ ವಿಮರ್ಶಕರು ನೋಡಿದ್ದರೆ ಅದನ್ನು ಧೈರ್ಯದ ಬಣ್ಣಗಾರಿಕೆ ಎನ್ನುತ್ತಿದ್ದರೋ ಏನೋ. ನಾನು ಅವರನ್ನೇ ಕೇಳಿದ್ದೆ. “ಕೆಂಪು ಅಷ್ಟ ಉಳದಿತ್ತ, ಅಲ್ಲಿಗೆ ಮುಗೀತ” ಎಂದರು. ಆಮೇಲೆ ಸ್ವಲ್ಪ ತಡೆದು, “ಆದ್ರ ಎಲ್ಲಿ ಇಡೂದಂತ ಎರಡ ದಿನಾ ಕುಂತೇನಿ” ಎಂದರು.

ಎರಡನೆಯದು 2020ರದು. ಕೂಲಿಗೆ ಹೊಲಿಸಿದ್ದು. ಹೊಲಿದವಳು ದಂಡೆಯ ಊರವಳು, ನೆರೆಯಲ್ಲಿ ಮನೆಯ ಗೋಡೆ ಕಳೆದುಕೊಂಡವಳು, ಮನೆ ಮನೆಗೆ ಹೋಗಿ ಕೌದಿ ಹೊಲಿದೇ ಎರಡು ವರ್ಷ ಸಂಸಾರ ತೂಗಿಸಿದವಳು. ಬಣ್ಣ ಕಣ್ಣಿಗೆ ಹೊಡೆಯುವಂಥವು: ಗುಲಾಬಿ, ಗಿಳಿಹಸಿರು, ನೀಲಿ. ಆದರೆ ಇಟ್ಟದ್ದರಲ್ಲಿ ವಿಚಾರ ಇದೆ. ನಾಲ್ಕು ಸುತ್ತು ಗಾಢ, ಆಮೇಲೆ ನಡುವಿನ ಕಡೆ ತಿಳಿಯಾಗುತ್ತ ಹೋಗುತ್ತದೆ. ಅತ್ತೆಯವರ ಕೌದಿಗಿಂತ ಇದರ ಬಣ್ಣದ ನಡೆ ಮೇಲು ಎಂದು ನಾನು ಹೇಳಲೇಬೇಕು. ಬಟ್ಟೆ ಮಾತ್ರ ಕೆಟ್ಟದ್ದು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರದ ಮೇಲೆ ಪದರ ಜಾರುತ್ತದೆ, ರಾತ್ರಿ ಮೈಮೇಲಿಂದಲೂ ಜಾರುತ್ತದೆ. ದಾರ ನೈಲಾನ್, ಅದು ತಾನು ಹರಿಯದೆ, ನಡುವೆ ಇದ್ದ ಒಂದೆರಡು ಹತ್ತಿ ತುಂಡನ್ನು ಕೊಯ್ದಿದೆ. ಹೊಲಿಗೆ ಹೊರಗಿನ ಸುತ್ತಿನಲ್ಲಿ ಅಂಗುಲಕ್ಕೆ ಮೂರು ಟಾಕಿ ಇದ್ದದ್ದು ಅರ್ಧಕ್ಕೆ ಬರುವಷ್ಟರಲ್ಲಿ ಎರಡು, ನಡುವೆ ಒಂದೂವರೆ. ಕೈ ಸೋತದ್ದಲ್ಲ ಅದು. ಇಡೀ ಕೌದಿಗೆ ಇಷ್ಟು ಎಂದು ನಮ್ಮ ಮನೆಯ ಹಿರಿಯರು ಚೌಕಾಸಿ ಮಾಡಿ ಇಳಿಸಿದ್ದರು. ಬಿಡುವಿನ ಕೆಲಸ, ಕುಳಿತಲ್ಲೇ ಆಗುವ ಕೆಲಸ, ಇದಕ್ಕೇನು ಅಷ್ಟು ಎಂಬುದು ಅವರ ವಾದ. ದಿನಕ್ಕಿಷ್ಟು ಎಂದಲ್ಲದೆ ಕೌದಿಗಿಷ್ಟು ಎಂದು ದರ ಮುರಿದ ಮೇಲೆ, ಮಳೆಯೊಳಗೆ ಇನ್ನೂ ಎರಡು ಮನೆಯ ಕೌದಿ ಮುಗಿಸಬೇಕಾದವಳು ಟಾಕಿ ಉದ್ದ ಮಾಡದೆ ಏನು ಮಾಡಬೇಕು? ಎಲ್ಲಿ ದರದ ಮಾತು ನಡೆಯಿತೋ ಆ ಸುತ್ತನ್ನು ನಾನು ಬೆರಳಿಟ್ಟು ತೋರಿಸಬಲ್ಲೆ.

ಈ ಸಲ ಯುಗಾದಿಗೆ ಮುಂಚೆ ಅವಳನ್ನೇ ಮತ್ತೆ ಕರೆಸಿದ್ದೆವು, ಹಳೆಯ ಕೌದಿಯ ಅಂಚು ಬಿಚ್ಚಿತ್ತು. ಈಗ ಅವಳು ಅರಿವಿ ನೋಡದೆ ದರ ಹೇಳುವುದಿಲ್ಲ. ಹತ್ತಿಯಾದರೆ ಒಂದು ದರ, ಪಾಲಿಯೆಸ್ಟರ್ ಆದರೆ ಸೂಜಿ ಜಾರುತ್ತದೆ, ಬೆರಳು ನೋಯುತ್ತದೆ, ದರ ಹೆಚ್ಚು. ಅತ್ತೆಯವರ ಕೌದಿ ಮುಂದಿಟ್ಟಾಗ ಮೇಲಿನ ಬಣ್ಣದ ಕಡೆ ಕಣ್ಣು ಹಾಯಿಸಲಿಲ್ಲ. ಮಗುಚಿ ಹಾಸಿ, ಬುಡದ ಸೀರೆಯ ಮೇಲೆ ಅಂಗೈ ಆಡಿಸಿ, ಒಂದು ಸಾಲಿನ ಟಾಕಿಗಳನ್ನು ಉಗುರಿನಿಂದ ಎಣಿಸುತ್ತ ಹೋದಳು. “ಅಕ್ಕಾರ, ಇದನ್ನ ಹೊಲದಾಕಿ ಯಾರಿಗೂ ಗುತ್ತಿಗಿ ಹೊಲದಿಲ್ಲ ಬಿಡ್ರಿ” ಎಂದಳು. ಅಂಚಿಗೆ ಹೊಸ ದಡಿ ಬೇಡವಂತೆ, ಹಳೇದೇ ಬೇಕಂತೆ. ಹುಡುಕುತ್ತಿದ್ದೇನೆ.